ಲಂಡನ್ ಡಾಕ್ಟರು ಮಲಗಿದ ಮಂಚ

ರಾಮನಗರದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವವರಿಗೆ ಉಬ್ಬಸ ಹೊಸದಲ್ಲ. ನಮ್ಮವ್ವನಿಗೂ ಬಂತು. ಊರಿನ ದತ್ತಿ ಆಸ್ಪತ್ರೆಯಲ್ಲಿ ಆಕ್ಸಿಜನ್ ಸಿಲಿಂಡರ್ ಇದ್ದದ್ದು ಒಂದೇ ಮಂಚದ ಪಕ್ಕ; ಅವ್ವ ಆ ಮಂಚದಲ್ಲಿದ್ದಳು. ಅಷ್ಟರಲ್ಲಿ ಲಂಡನ್ನಿನಿಂದ ಎದೆರೋಗದ ದೊಡ್ಡ ಡಾಕ್ಟರು ಬರುತ್ತಾರೆಂದು ಸುದ್ದಿಯಾಯಿತು. ನಮ್ಮವರ ಉಬ್ಬಸ ನೋಡುವುದಕ್ಕೇ ಬರುತ್ತಿದ್ದರಂತೆ.

ಆಸ್ಪತ್ರೆಯ ಅಧ್ಯಕ್ಷರಿಗೆ ನಿದ್ದೆ ಹಾರಿತು. ಗೋಡೆಗೆ ಸುಣ್ಣ ಬಳಿಸಿದರು. ಕೆಮ್ಮುವವರನ್ನೆಲ್ಲ ಹಿಂದಿನ ಜಗಲಿಗೆ ಸಾಗಿಸಿದರು. ಅತಿಥಿಗಳ ಮುಂದೆ ಕೆಮ್ಮಿದರೆ ಊರಿನ ಮಾನ ಹೋಗುತ್ತದಂತೆ. ವಾರ್ಡಿನಲ್ಲಿ ಅಧ್ಯಕ್ಷರ ನೆಂಟರೇ ಹೊಸ ಹೊದಿಕೆ ಹೊದ್ದು ಮಲಗಿದರು. ಅಷ್ಟು ಗಟ್ಟಿಮುಟ್ಟಾದ ರೋಗಿಗಳನ್ನು ನಾನು ಇವತ್ತಿಗೂ ಕಂಡಿಲ್ಲ. ಅವ್ವನನ್ನು ಎಬ್ಬಿಸಬೇಡಿ ಎಂದು ಕೈಮುಗಿದೆ.

‘ಒಂದೊತ್ತು ಕಣಮ್ಮ, ಒಸಿ ಅಡ್ಜಸ್ಟ್ ಮಾಡ್ಕೊ’ ಎಂದರು ಅಧ್ಯಕ್ಷರು. ಅವ್ವನನ್ನೂ ಜಗಲಿಗೆ ಸಾಗಿಸಿದರು.

ಸಮಾರಂಭದಲ್ಲಿ ಅವರು ಅತಿಥಿಗಳ ಜೀವನಚರಿತ್ರೆ ಓದಿದರು: ಕಲಿತ ಕಾಲೇಜು, ಯುದ್ಧಕಾಲದ ಸೇವೆ, ವೈದ್ಯರ ಸಂಘಕ್ಕೆ ನಾಯಕರಾದದ್ದು, ರಾಣಿ ಕೊಟ್ಟ ಬಿರುದು. ರೋಗಿಗಳನ್ನು ನೋಡಬೇಕೆಂದು ಡಾಕ್ಟರು ಎದ್ದಾಗಲೆಲ್ಲ ಇನ್ನೊಂದು ಶಾಲು ಹೊದಿಸಿ ಕೂರಿಸಿದರು. ಕೊನೆಗೆ ನಮ್ಮೂರ ಪದ್ಧತಿಯಂತೆ ರೇಷ್ಮೆಗೂಡಿನ ಹಾರ, ಅದೂ ಮೂಗಿನವರೆಗೆ. ಗೂಡಿನ ಧೂಳಿಗೆ ಡಾಕ್ಟರು ಸೀನಿದರು, ಸೀನುತ್ತಲೇ ಹೋದರು. ಆಮೇಲೆ ಅವರ ಎದೆಯೂ ಥೇಟ್ ಅವ್ವನದರಂತೆ ಸುಯ್ ಸುಯ್ ಎನ್ನತೊಡಗಿತು.

ಅವ್ವನ ಮಂಚದಲ್ಲಿ ನರಳುತ್ತಿದ್ದ ಅಧ್ಯಕ್ಷರ ಭಾವಮೈದ ಒಂದೇ ನೆಗೆತಕ್ಕೆ ಜಾಗ ಬಿಟ್ಟ. ಡಾಕ್ಟರನ್ನು ಅಲ್ಲಿ ಮಲಗಿಸಿ ಆಕ್ಸಿಜನ್ ಕೊಟ್ಟರು. ಸುಧಾರಿಸಿಕೊಂಡ ಮೇಲೆ ಅವರಿಗೆ ಜಗಲಿಯ ಕೆಮ್ಮು ಕೇಳಿಸಿತು. ಎದ್ದು ಬಂದು, ಅವ್ವನ ಪಕ್ಕ ನೆಲದ ಮೇಲೇ ಕೂತು ಎದೆ ಪರೀಕ್ಷಿಸಿದರು. ಈಕೆಯನ್ನು ಈಗಲೇ ಆ ಮಂಚಕ್ಕೆ ಸೇರಿಸಿ ಎಂದು ಅಧ್ಯಕ್ಷರನ್ನು ಗದರಿದರು. ಅಧ್ಯಕ್ಷರು ವಿನಯದಿಂದ ತಲೆಯಾಡಿಸಿದರು.

‘ಪಾಪ, ಅವ್ರ್ಗೂ ನಮ್ಮಂಗೇ ಉಸ್ರು ಕಟ್ತದೆ ಕಣವ್ವ’ ಎಂದಳು ಅವ್ವ.

ಡಾಕ್ಟರ ಕಾರು ಮೈಸೂರು ರಸ್ತೆಗೆ ತಿರುಗಿದ ಮೇಲೆ ಅವ್ವನನ್ನು ತೋಳಿಗೆ ಆನಿಸಿಕೊಂಡು ಒಳಗೆ ಕರೆದೊಯ್ದೆ. ಮಂಚಕ್ಕೆ ಆ ಗೂಡಿನ ಹಾರ ಹಾಕಿ, ಸುತ್ತ ಹಗ್ಗ ಕಟ್ಟಿದ್ದರು. ಅಷ್ಟು ದೊಡ್ಡವರು ಮಲಗಿದ ಮಂಚವಂತೆ, ಇನ್ನು ಅದರಲ್ಲಿ ಯಾರೂ ಮಲಗಕೂಡದಂತೆ. ಸಿಲಿಂಡರಿಗೂ ಕುಂಕುಮ ಇಟ್ಟಿದ್ದರು.

ಅವ್ವ ಜಗಲಿಯಲ್ಲೇ ತೀರಿಕೊಂಡಳು.