ಸಡಿಲ ಸುತ್ತು

ರಜಾಯಿ, ಹಾಸಿಗೆ ಹೊಲಿದೇ ಇಪ್ಪತ್ತೆರಡು ವರ್ಷ ಸವೆಸಿದ್ದ ಆಕೆಗೆ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದ್ದು ಕೈಯ ಅಚ್ಚುಕಟ್ಟಿನಿಂದ. ಅಲ್ಲಿ ಎಲ್ಲರಿಗೂ ಅವಳು ಹೊಲಿಗೆಯಕ್ಕ. ಕನ್ನಡಿಯಂತೆ ಹೊಳೆಯುವ ತೆಳು ಹಾಳೆ, ಅದರ ಮೇಲೆ ಬಲೆಯಂಥ ಬಟ್ಟೆ, ಮತ್ತೆ ಹಾಳೆ... ಹೀಗೆ ಮೂವತ್ತು ಪದರಗಳನ್ನು ಸೊಂಟದೆತ್ತರದ ಸ್ಟೀಲ್ ಪಾತ್ರೆಗೆ ಸುತ್ತಿ ಹೊಲಿಯುವುದು ಅವಳ ಕೆಲಸ. ಆಮೇಲೆ ಪಾತ್ರೆಯನ್ನು ದೊಡ್ಡ ಡ್ರಮ್ಮಿನೊಳಗಿಟ್ಟು, ಡ್ರಮ್ಮಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಪಾತ್ರೆಗೆ ದ್ರವ ಸಾರಜನಕ ತುಂಬುತ್ತಿದ್ದರು. ಸೊನ್ನೆಗಿಂತ ನೂರ ತೊಂಬತ್ತಾರು ಡಿಗ್ರಿ ಕೆಳಗಿನ ಚಳಿ ಅದು. ಹೊರಗಿನ ಶಾಖ ನುಸುಳಿದಷ್ಟೂ ಸಾರಜನಕ ಆವಿಯಾಗಿ ಹೊರಬರುತ್ತದೆ. ಆ ಆವಿಯನ್ನು ಅಳೆಯುವ ಮೀಟರಿನ ಅಂಕಿ ಇಳಿದಷ್ಟೂ ಹೊದಿಕೆ ಚೆನ್ನಾಗಿದೆ ಎಂದರ್ಥ.

ಅಂಕಿ ಮಾತ್ರ ಇಳಿಯಲೊಲ್ಲದು. ನಾಲ್ಕು ಪರೀಕ್ಷೆ, ನಾಲ್ಕೂ ಹಳ್ಳ ಹಿಡಿದವು. ಎಂಜಿನಿಯರ್ ಹುಡುಗಿ ತಲೆಯ ಮೇಲೆ ಕೈ ಹೊತ್ತು ಕೂತಳು.

"ಇನ್ನೂ ಹತ್ತು ಪದರ ಹಾಕೋಣ ಅಕ್ಕಾ. ಇನ್ನಷ್ಟು ಬಿಗಿಯಾಗಿ ಎಳೆದು ಹೊಲೀರಿ."

ಹೊಲಿಗೆಯಕ್ಕ ಸೂಜಿ ಕೆಳಗಿಟ್ಟಳು.

"ಬೈಯಲ್ಲ ಅಂದ್ರೆ ಒಂದು ಮಾತು ಹೇಳ್ಲಾ ಮೇಡಂ? ಬಿಗಿ ಮಾಡಿದ್ದೇ ಜಾಸ್ತಿಯಾಯ್ತು ಅನ್ಸುತ್ತೆ. ರಜಾಯೀನ ಒತ್ತಿ ಒತ್ತಿ ಹೊಲಿದ್ರೆ ಗೋಣಿಚೀಲ ಆಗುತ್ತೆ, ಬೆಚ್ಚಗಿರಲ್ಲ. ಒಳಗೆ ಗಾಳಿ ಆಡ್ಬೇಕು."

"ಅಯ್ಯೋ, ಡ್ರಮ್ಮಿನೊಳಗೆ ಗಾಳೀನೇ ಇಲ್ವಲ್ಲಕ್ಕಾ!"

"ಗಾಳಿ ಬೇಡ ಬಿಡಿ. ಜಾಗ ಆದ್ರೂ ಇರ್ಲಿ."

ನಗಲು ಹೊರಟ ಹುಡುಗಿ ಅರ್ಧಕ್ಕೇ ನಿಂತಳು. ಹೌದಲ್ಲ! ಒತ್ತಿದಲ್ಲಿ ಹಾಳೆಗೆ ಹಾಳೆ ತಾಗುತ್ತದೆ, ತಾಗಿದಲ್ಲಿ ಶಾಖ ದಾಟುತ್ತದೆ. "ಬಿಚ್ಚಿ ಅಕ್ಕಾ, ಎಲ್ಲಾ ಬಿಚ್ಚಿ!"

ಎರಡು ದಿನ ಹಿಡಿಯಿತು. ಅದೇ ಮೂವತ್ತು ಪದರ, ಒಂದೂ ಹೆಚ್ಚಿಲ್ಲ. ಮಗುವಿಗೆ ಹೊದಿಸಿದಷ್ಟು ಹಗುರವಾಗಿ ಸುತ್ತಿದಳು. ಗುರುವಾರ ಸಾರಜನಕ ತುಂಬಿದರು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಅಂಕಿ ಜರ್ರನೆ ಇಳಿದು, ಹಿಂದಿನದರ ಅರ್ಧಕ್ಕಿಂತ ಕೆಳಗೆ ನಿಂತಿತು. ಮುಖ್ಯಸ್ಥರು ಬಂದು ಮೀಟರಿಗೆ ಬೆರಳಲ್ಲಿ ಟಕಟಕ ಬಡಿದರು. "ಕೆಟ್ಟಿದೆಯೇನ್ರೀ?" ಬೇರೆ ಮೀಟರ್ ಹಾಕಿಸಿದರು; ಅದೂ ಅದನ್ನೇ ಹೇಳಿತು. ಹುಡುಗಿ ಹೊಲಿಗೆಯಕ್ಕನ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸಿಬಿಟ್ಟಳು.

ಸಂಜೆ ಮನೆಯಲ್ಲಿ ಬಸ್ ಡ್ರೈವರ್ ಗಂಡ ಕೇಳಿದ, "ಏನೇ, ಮುಖ ಊರಗಲ ಆಗಿದೆ?"

ಅವಳು ಒಂದೂ ಬಿಡದೆ ಹೇಳಿದಳು. ಅವನು ಕಣ್ಣರಳಿಸಿ ಕೇಳಿ, "ಲೋಕದ ಚಳೀನೆಲ್ಲಾ ಕಟ್ಟಿಹಾಕ್ತೀಯ, ನನಗೆ ಮಾತ್ರ ಹರಕು ರಜಾಯಿ!" ಎಂದ.

"ನಿಮ್ಮ ಗೊರಕೆ ಶಾಖಾನೇ ಸಾಕು" ಎಂದು ಅವಳು ನಕ್ಕ ನಗು ಪಕ್ಕದ ಮನೆಗೂ ಕೇಳಿಸಿತು.

ಸೋಮವಾರ ಮುಖ್ಯಸ್ಥರು ಅವಳನ್ನು ಹಿಂದಿನ ಕೋಣೆಗೆ ಕರೆದೊಯ್ದರು. ಆಳೆತ್ತರಕ್ಕೂ ಮೀರಿದ ಹೊಸ ಪಾತ್ರೆ ನಿಂತಿತ್ತು. "ಇದನ್ನ ಹೇಗೆ ಸುತ್ತಬೇಕು, ನೀವೇ ಹೇಳಿಬಿಡಿ."

ಹೊಲಿಗೆಯಕ್ಕ ಅದರ ಸುತ್ತ ಒಂದು ಸುತ್ತು ಬಂದು ತಲೆಯೆತ್ತಿ ನೋಡಿದಳು.

"ಮೊದ್ಲು ಒಂದು ಏಣಿ ತರಿಸಿ ಸಾರ್."