ಮೂರು ಸಾಕ್ಷಿ, ಒಂದು ಕಾಗದ

ನನ್ನ ಭಾವ, ಅಂದರೆ ಅಕ್ಕನ ಗಂಡ, ನ್ಯಾಯಾಲಯದಲ್ಲಿ ಸ್ಟೆನೋ ಆಗಿದ್ದವರು. ಮೂವತ್ತೊಂದು ವರ್ಷ ಪರರ ಸುಳ್ಳನ್ನು ಒಂದಕ್ಷರ ಬಿಡದೆ ಬರೆದುಕೊಂಡವರು. ಹಾಲು ಉಕ್ಕುತ್ತಿದೆ ಎಂದರೂ, "ನೀನೇ ಕಣ್ಣಾರೆ ಕಂಡೆಯೋ, ಯಾರಾದರೂ ಹೇಳಿದರೋ?" ಎಂದು ಕೇಳುತ್ತಿದ್ದರು. ಅಷ್ಟರಲ್ಲಿ ಒಲೆ ಆರಿರುತ್ತಿತ್ತು.

ಅಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್‌ಗೆ ಇನ್ನು ತಡಮಾಡಿದರೆ ದೃಷ್ಟಿ ಹೋದೀತೆಂದು ವೈದ್ಯೆ ಎರಡು ಸಲ ಎಚ್ಚರಿಸಿದ್ದರು. ಅಕ್ಕ ಜಪ್ಪಯ್ಯ ಅನ್ನಲಿಲ್ಲ. ಚರ್ಚಿನ ಹಿಂದೆ ಹಳೆಯ ಪಾದ್ರಿಯೊಬ್ಬರ ಸಮಾಧಿಯಿದೆ. ಅಲ್ಲಿ ಪ್ರಾರ್ಥಿಸಿದ ಕುರುಡಿಯೊಬ್ಬಳಿಗೆ ದೃಷ್ಟಿ ಬಂತೆಂದು ಚರ್ಚಿನ ಮಾಸಪತ್ರಿಕೆ ಅಚ್ಚುಹಾಕಿತ್ತು. ಬಿಷಪ್ಪರಿಗೆ ಕಳುಹಿಸುವ ಮೊದಲು ಒಮ್ಮೆ ನೋಡಿಕೊಡಿ ಎಂದು ಈಗಿನ ಪಾದ್ರಿಗಳು ಅದಕ್ಕೆ ಸಾಕ್ಷಿಯಾಗಿ ಮೂವರು ಬರೆದುಕೊಟ್ಟ ಹೇಳಿಕೆಗಳನ್ನು ಭಾವನ ಕೈಗೇ ತಂದುಕೊಟ್ಟಿದ್ದರು.

"ಅವಳಿಗೆ ಬಂದಿದ್ದು ನನಗೆ ಬರಬಾರದಾ? ಕತ್ತರಿ ಚಾಕು ಯಾಕೆ?" ಎಂದಳು ಅಕ್ಕ.

"ಮೊದಲು ಅವಳಿಗೆ ಬಂತೇ ನೋಡೋಣ."

"ಏಸು ಸಮಾಧಿಯಿಂದ ಎದ್ದ ಅಂತ ನಂಬ್ತೀರಿ, ಇದನ್ನ ನಂಬಲ್ವಾ?"

"ಅಲ್ಲಿ ಸಾಕ್ಷಿಗಳ ಮಾತು ಪೂರ್ತಿ ಕೂಡೋದೇ ಇಲ್ಲ ಕಣೇ. ಸಮಾಧಿ ಹತ್ತಿರ ಕಂಡದ್ದು ಒಬ್ಬ ದೇವದೂತ ಅಂತಾನೆ ಒಬ್ಬ, ಇಬ್ಬರು ಅಂತಾನೆ ಇನ್ನೊಬ್ಬ. ಯಾರೂ ಕೂತು ಹೇಳಿಕೊಟ್ಟಿಲ್ಲ ಅಂತ ಅದರಲ್ಲೇ ಗೊತ್ತಾಗುತ್ತೆ. ಇಲ್ಲಿ ಮೂವರದೂ ಅಲ್ಪವಿರಾಮದ ಸಮೇತ ಒಂದೇ!"

ಭಾವ ಮೂವರನ್ನೂ ಹುಡುಕಿಕೊಂಡು ಹೋದರು. ಗಂಟೆ ಬಾರಿಸುವವನಿಗೆ ಹೇಳಿದ್ದು ಆರ್ಗನ್ ನುಡಿಸುವವನು. ಅವನಿಗೆ ಹೇಳಿದ್ದು ಪತ್ರಿಕೆಯ ಸಂಪಾದಕ. ಸಂಪಾದಕ ಓದಿದ್ದು ದರ್ಜಿಯೊಬ್ಬಳು ಚರ್ಚಿನ ಪೆಟ್ಟಿಗೆಗೆ ಹಾಕಿದ್ದ ಒಂದು ಕಾಗದ. ಅದನ್ನು ತರಿಸಿ ನೋಡಿದರೆ ಹೀಗಿತ್ತು: "ಸಮಾಧಿಗೆ ಹೋಗಿ ಬಂದ ಮೂರನೇ ದಿನ ನನಗೆ ಕಣ್ಣು ಬಂತು. ಆಮೇಲೆ ಅತ್ತೆಗೆ ಬಂತು. ವಾರದೊಳಗೆ ಮನೆಮಂದಿಗೆಲ್ಲ ಬಂತು. ದಯವಿಟ್ಟು ಗಮನಿಸಿ."

ಸಂಪಾದಕ ಮೊದಲ ವಾಕ್ಯವನ್ನಷ್ಟೇ ತೆಗೆದುಕೊಂಡಿದ್ದ. ಉಳಿದದ್ದಕ್ಕೆ ಜಾಗ ಸಾಲಲಿಲ್ಲವಂತೆ.

"ಒಂದೇ ಮನೇಲಿ ಇಷ್ಟು ಜನ ಕುರುಡರಿದ್ದರಾ?" ಎಂದರು ಭಾವ.

ಮಾರನೆಯ ಬೆಳಿಗ್ಗೆ ಅಕ್ಕನನ್ನೂ ಕರೆದುಕೊಂಡು ದರ್ಜಿಯ ಅಂಗಡಿಗೆ ಹೊರಟರು. ಮೆಟ್ಟಿಲು ಹತ್ತುವಾಗ ಅಕ್ಕನ ಕೈ ಹಿಡಿಯಲು ನಾನೂ ಹೋದೆ. ದರ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಮೊದಲು ನಿಮಗೆ ಕಣ್ಣು ಕಾಣಿಸ್ತಿರಲಿಲ್ವೇನಮ್ಮ?"

"ಕಾಣದೆ ಏನ್ ಸಾರ್? ಕಣ್ಣು ಬಂದಮೇಲೇ ಹತ್ತು ದಿನ ಕಣ್ಣು ಬಿಡೋಕಾಗಲಿಲ್ಲ. ಕೆಂಪಗೆ ಊದಿ, ಗೀಜು ಕಟ್ಟಿ! ಸಮಾಧಿ ಮೇಲಿರೋ ಒಂದೇ ಬಟ್ಟೇಲಿ ಊರವರೆಲ್ಲ ಕಣ್ಣು ಒರೆಸ್ಕೋತಾರೆ. ಅದನ್ನ ತೆಗೆಸಿ ಅಂತ ದೂರು ಕೊಟ್ಟಿದ್ದೆ. ಇವತ್ತಿಗೂ ತೆಗೆದಿಲ್ಲ!"

ಅಕ್ಕನ ಮುಖ ಬಿಳಿಚಿತು. ಹಿಂದಿನ ಭಾನುವಾರವಷ್ಟೇ ಅವಳು ಆ ಬಟ್ಟೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಬಂದಿದ್ದಳು.

ಬೀದಿಗಿಳಿದ ಮೇಲೆ ಅವಳೇ ಬಾಯಿಬಿಟ್ಟಳು: "ಆಸ್ಪತ್ರೆಗೆ ಇವತ್ತೇ ಹೋಗೋಣ. ಆದರೆ ಪ್ರಾರ್ಥನೆ ಬಿಡಲ್ಲ, ಹೇಳಿದೀನಿ."

"ಬಿಡು ಅಂದೋರು ಯಾರು? ವೈದ್ಯೆ ಕೈ ನಡುಗದಿರಲಿ ಅಂತ ಬೇಡಿಕೋ."

ಆಪರೇಷನ್ ಆಗಿ ಎರಡು ಕಣ್ಣೂ ಸರಿಹೋದವು. ಬಿಷಪ್ಪರಿಗೆ ಏನಾದರೂ ಕಳುಹಿಸಲೇಬೇಕಿದ್ದ ಪಾದ್ರಿಗಳು ಮನೆಗೆ ಬಂದು, ಇದು ವೈದ್ಯೆಯ ಕೈಗುಣವೋ ಪ್ರಾರ್ಥನೆಯ ಫಲವೋ ಎಂದು ಕೇಳಿದರು.

"ಸಾಕ್ಷಿ ನನ್ನ ಹೆಂಡತಿ, ಫಾದರ್," ಎಂದರು ಭಾವ. "ಈ ಕೇಸು ನಾನು ಮುಟ್ಟೋ ಹಾಗಿಲ್ಲ. ಬೇರೆಯವರಿಗೆ ಕೊಡಿ."