ಹತ್ತಿ ತೂಗುವ ತಕ್ಕಡಿಯಲ್ಲಿ ಕೂತವಳು

ಬಾಣಲೆಯಲ್ಲಿ ಎಳ್ಳು ಸಿಡಿಯುವ ವಾಸನೆ ಮೂಗಿಗೆ ಬಿದ್ದರೆ ಸಾಕು, ನಾನು ಮತ್ತೆ ಎಂಟು ವರ್ಷದವಳಾಗಿ, ಧಾರಾಪುರಂ ಆಚೆಯ ನಮ್ಮ ಹೊಲದ ಮನೆಯಲ್ಲಿ, ಹತ್ತಿ ತೂಗುವ ತಕ್ಕಡಿಯ ಹಲಗೆಯ ಮೇಲೆ ಕೂತಿರುತ್ತೇನೆ. ಹೋದ ವಾರವೂ ಹಾಗೇ ಆಯಿತು. ಪೀಳಮೇಡಿನಲ್ಲಿ ಕಾಲೇಜು ಓದುವ ಮೊಮ್ಮಗಳು ಸುಧಾ ರಜಕ್ಕೆ ಬಂದವಳು ಒಲೆ ಮುಂದೆ ನಿಂತು ಎಳ್ಳು, ಕುಂಬಳದ ಬೀಜ ಹುರಿಯುತ್ತಿದ್ದಳು. ಪಕ್ಕದಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀಲಿ ಬಣ್ಣದ ಯಾವುದೋ ಸೀಮೆ ಹಣ್ಣು. ಅವಳ ಓದೇ ಅದು, ಯಾವ ತಿನಿಸಿನಲ್ಲಿ ಎಷ್ಟು ಸತ್ವ ಅಂತ. "ಅಜ್ಜೀ, ಈ ಸಣ್ಣ ಹಣ್ಣಲ್ಲಿ ವಿಟಮಿನ್ ಜಾಸ್ತಿ. ಬೀಜದಲ್ಲಿ ಪ್ರೋಟೀನು, ಕಬ್ಬಿಣ, ಎಣ್ಣೆ ಜಾಸ್ತಿ. ಎರಡ್ರಲ್ಲಿ ಯಾವ್ದು ಮೇಲು ಅಂತ ನಾನು ಬರೀಬೇಕು" ಅಂದಳು. ಒಂದು ನೀಲಿ ಹಣ್ಣು ಬಾಯಿಗೆ ಹಾಕಿಕೊಂಡೆ. ಚಪ್ಪೆ. "ಇದನ್ನ ನಮ್ಮ ಆಡೂ ಮೂಸಲ್ಲ" ಅಂದೆ. ಪಾಪ, ಅವಳಿಗೆ ಗೊತ್ತಿಲ್ಲ. ಇದೇ ಜಗಳ ನಮ್ಮ ಮನೆಯಲ್ಲಿ ಒಂದು ಚಳಿಗಾಲ ಪೂರ್ತಿ ನಡೆದಿತ್ತು, ಅದೂ ನನ್ನ ಮೈಮೇಲೆ.

ಹೆತ್ತವಳು ನಾನು ಮೊಲೆ ಬಿಡುವ ಮುಂಚೆಯೇ ಹೋದಳು. ಮುಖ ನೆನಪಿಲ್ಲ, ಅದಕ್ಕೇ ಅಳುವೂ ಬರುವುದಿಲ್ಲ. ಸಾಕಿದವರು ಇಬ್ಬರು. ಒಬ್ಬಳು ಅಪ್ಪನ ತಾಯಿ, ನಮ್ಮಜ್ಜಿ. ಇನ್ನೊಬ್ಬಳು ಅಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ನಮ್ಮತ್ತೆ. ತಾಯಿ ಮಗಳೇ ಆದರೂ ಉಪ್ಪು ಎಷ್ಟು ಹಾಕಬೇಕು ಅನ್ನುವುದರಲ್ಲಿ ಕೂಡ ಇಬ್ಬರಿಗೂ ಒಮ್ಮತವಿರಲಿಲ್ಲ. ಅಜ್ಜಿ ಒಳಮನೆಯವಳು. ಸಾಲು ಮಡಕೆಗಳಲ್ಲಿ ಎಳ್ಳು, ಹುರುಳಿ, ಅವರೆ, ಬೂದಿ ಹಚ್ಚಿ ಒಣಗಿಸಿದ ಕುಂಬಳದ ಬೀಜ, ಇವೆಲ್ಲ ಅವಳ ರಾಜ್ಯ. ಕತ್ತಲೆಯಲ್ಲಿ ಕೈ ಹಾಕಿದರೂ ಯಾವ ಮಡಕೆ ಅಂತ ಹೇಳುತ್ತಿದ್ದಳು. ಅವಳ ಸೀರೆ ಸೆರಗಿಗೆ ಸದಾ ಎಳ್ಳೆಣ್ಣೆಯ ವಾಸನೆ. ಅತ್ತೆ ಆಡುಗಳ ಹಿಂದೆ ಅಲೆಯುವವಳು. ಮುಳ್ಳುಬೇಲಿ ಹಾಕಿದ ನಮ್ಮ ಮೇವಿನ ಹೊಲಕ್ಕೆ ಕೊರಂಗಾಡು ಅನ್ನುತ್ತಿದ್ದೆವು. ಸಂಜೆ ಅಲ್ಲಿಂದ ಬರುವಾಗ ಅವಳ ಮಡಿಲು ತುಂಬ ಎಲಚಿ, ಕಾರೆ, ಕಪ್ಪಗೆ ಮಿಂಚುವ ಗಣಿಕೆ, ನೆಲಕ್ಕೆ ಉಜ್ಜಿ ಮುಳ್ಳು ತೆಗೆದ ಪಾಪಾಸುಕಳ್ಳಿ ಹಣ್ಣು. ತುಟಿ, ನಾಲಗೆ, ಹಲ್ಲು ಎಲ್ಲ ಕೆಂಪು. ನಕ್ಕರೆ ಯಾರನ್ನೋ ಕಚ್ಚಿ ಬಂದವಳ ಹಾಗೆ ಕಾಣುತ್ತಿದ್ದಳು.

ಆ ವರ್ಷ ನನಗೆ ದಡಾರ ಬಂತು. ಜ್ವರ ಬಿಟ್ಟಾಗ ಬಾಯಿ ತುಂಬ ಹುಣ್ಣು, ಮೈಯಲ್ಲಿ ಎಲುಬು ಬಿಟ್ಟರೆ ಇನ್ನೇನೂ ಉಳಿದಿರಲಿಲ್ಲ. ಅಪ್ಪ ನನ್ನನ್ನು ಎತ್ತಿಕೊಂಡು ಹೋಗಿ ತಕ್ಕಡಿಯ ಹಲಗೆಯಲ್ಲಿ ಕೂರಿಸಿದ. ಹಿಂದಿನ ಪೊಂಗಲಿಗೆ ಆಟಕ್ಕೆಂದು ತೂಗಿದಾಗ ಎರಡು ದೊಡ್ಡ ತೂಕದ ಕಲ್ಲಿಗೆ ಸಮ ಇದ್ದವಳು ಈಗ ಹತ್ತಿಯ ಹಾಗೆ ಮೇಲೆ ತೇಲಿದೆ. ಅಪ್ಪನಿಗೆ ಮಾತು ಕಡಿಮೆ. "ಪೊಂಗಲ್ ಕಳೆದು ತೈ ತಿಂಗಳು ಮುಗಿಯೋದ್ರೊಳಗೆ ಎರಡು ಕಲ್ಲಿಗೆ ಸಮ ಬರ್ಬೇಕು. ಬರ್ಲಿಲ್ಲಾಂದ್ರೆ ಮದುಕ್ಕರೈಲಿ ಅವ್ಳ ಚಿಕ್ಕಮ್ಮನ ಮನೇಲಿ ಬಿಟ್ಬಿಡ್ತೀನಿ. ಡಾಕ್ಟ್ರು ಹತ್ರ ಇದ್ದಾರೆ, ಮಕ್ಕಳಿಲ್ಲದ ಮನೆ, ಅಲ್ಲೇ ಇರ್ಲಿ" ಅಂದ. 'ಅಲ್ಲೇ ಇರ್ಲಿ' ಅಂದರೆ ಏನು ಅಂತ ನನಗೂ ತಿಳಿಯಿತು, ಆ ಇಬ್ಬರಿಗೂ ತಿಳಿಯಿತು. ಚಿಕ್ಕಮ್ಮ ಒಳ್ಳೆಯವಳೇ. ಆದರೆ ಅಲ್ಲಿ ಆಡಿಲ್ಲ, ಎಲಚಿ ಪೊದೆಯಿಲ್ಲ, ಬೆಳಗಾದರೆ ಬೈಯುವ ಈ ಇಬ್ಬರಿಲ್ಲ.

ಮಾರನೆಯ ದಿನದಿಂದ ಯುದ್ಧ. ಅಜ್ಜಿ ಎಳ್ಳು ಹುರಿದು, ಬೆಲ್ಲ ಸೇರಿಸಿ, ಒರಳಲ್ಲಿ ಕುಟ್ಟಿ ಉಂಡೆ ಕಟ್ಟಿದಳು. "ಹಣ್ಣಂದ್ರೆ ಏನು? ನೀರು. ಉಚ್ಚೆ ಹೊಯ್ದ್ರೆ ಹೋಯ್ತು. ಬೀಜದೊಳಗೆ ಒಂದು ಗಿಡಾನೇ ಮಡಿಸ್ಕೊಂಡು ಕೂತಿರುತ್ತೆ. ಮೈಗೆ ತೆಂಬು, ಕಸುವು ಬರೋದು ಅದ್ರಿಂದ್ಲೇ."

"ಬರುತ್ತೆ, ಬರುತ್ತೆ. ನಾಳೆ ಮಗು ಹೊಟ್ಟೆ ಕಟ್ಕೊಂಡು ತಿಣುಕುವಾಗ ನೀನೇ ಬಾ ಅವ್ವಾ, ಜೊತೇಲಿ ಕೂತ್ಕೊ" ಅಂದಳು ಅತ್ತೆ. ನನ್ನ ಗಲ್ಲ ಹಿಡಿದು, "ಬಾಯೆಲ್ಲ ಹುಣ್ಣಾಗಿದೆ, ಎಳ್ಳು ತುರುಕ್ತಾಳೆ. ಅಮ್ಮಿಣಿ, ಈ ಗಣಿಕೆ ಹಣ್ಣು ನುಂಗು ನನ್ ಕಣ್ಣೇ, ಅಗಿಯೋದೇ ಬೇಡ."

"ಆಡು ತಿಂದು ಮಿಕ್ಕಿದ್ದು ತಂದು ಕೊಡ್ತಾಳೆ ನೋಡು!"

"ನಿನ್ನ ಎಳ್ಳು ಇಲಿ ತಿಂದು ಮಿಕ್ಕಿದ್ದು."

ಇಬ್ಬರೂ ನನ್ನನ್ನು ಬೇರೆ ಬೇರೆಯಾಗಿ ಮೂಲೆಗೆ ಕರೆದು, "ನಿಜ ಹೇಳು, ಯಾರ್ದು ಹಿಡಿಸ್ತಾ ಇದೆ?" ಅಂತ ಕೇಳುತ್ತಿದ್ದರು. ಇಬ್ಬರಿಗೂ "ನಿಂದೇ" ಅನ್ನುತ್ತಿದ್ದೆ. ಅದರಿಂದ ಎರಡು ಪಾಲು ಸಿಗುತ್ತಿತ್ತು. ನನ್ನ ಬಾಯಿಗೆ ತಿಳಿದದ್ದು ಇಷ್ಟು: ಹಣ್ಣು ಹುಣ್ಣು ಮಾಯಿಸಿ ಹಸಿವನ್ನು ಎಬ್ಬಿಸಿತು, ಎದ್ದ ಹಸಿವಿಗೆ ಬೀಜ ಊಟ ಹಾಕಿತು. ಎಲಚಿಯದಂತೂ ದೊಡ್ಡ ತಕರಾರು. ಹುಳಿ ಸಿಹಿಯ ತಿರುಳು ಚೀಪಿ, ಗೊರಟೆಯನ್ನು ಕಲ್ಲಲ್ಲಿ ಕುಟ್ಟಿದರೆ ಒಳಗೆ ಚಪ್ಪಟೆಯಾಗಿ ಇನ್ನೊಂದು ಪುಟ್ಟ ತಿರುಳು ಸಿಗುತ್ತದೆ. ಅದು ನನ್ನ ಕಡೆಯದು ಅಂತ ಅಜ್ಜಿ, ತಂದವಳು ನಾನು ಅಂತ ಅತ್ತೆ. ಅವರು ಕಚ್ಚಾಡಿ ಮುಗಿಸುವಷ್ಟರಲ್ಲಿ ನಾನು ಅದನ್ನು ತಿಂದು ಮುಗಿಸಿರುತ್ತಿದ್ದೆ. ಬೆಳಗಿನ ಎಳೆಬಿಸಿಲು, ಹಲ್ಲಿಗಂಟಿದ ಬೆಲ್ಲ, ಅಂಗಳದ ತುಂಬ ಬೈಗುಳ. ಅಷ್ಟು ಸುಖವಾಗಿ ನಾನು ಮತ್ತೆಂದೂ ಕಾಯಿಲೆ ಬಿದ್ದಿಲ್ಲ.

ತೈ ತಿಂಗಳ ಕೊನೆಯ ದಿನ ಬಂತು. ಬೆಳಿಗ್ಗೆ ಅಜ್ಜಿ ನನ್ನನ್ನು ಒಳಗೆ ಕರೆದು ಲಂಗದೊಳಗೆ, ಸೊಂಟಕ್ಕೆ ಒಂದು ಗಂಟು ಕಟ್ಟಿದಳು. ಎರಡು ಸೇರು ಹುಣಸೆಬೀಜ. "ಬಾಯಿ ಬಿಟ್ಟೀಯೆ" ಅಂದಳು. ಹೊರಗೆ ಬಂದರೆ ಬೇಲಿ ಮರೆಯಲ್ಲಿ ಅತ್ತೆ. ರವಿಕೆಯೊಳಗೆ, ಮಡಿಲಲ್ಲಿ ಎಲಚಿಕಾಯಿ ತುಂಬಿದಳು. "ಅವ್ವನಿಗೆ ಹೇಳ್ಬೇಡ" ಅಂದಳು. ಬಸುರಿಯ ಹಾಗೆ ನಡೆದುಕೊಂಡು ಹೋಗಿ ಹಲಗೆಯಲ್ಲಿ ಕೂತೆ. ದಡ್ ಅಂತ ಹಲಗೆ ನೆಲಕ್ಕೆ ಬಡಿಯಿತು. ಎರಡು ಕಲ್ಲು ಮೇಲಕ್ಕೆ ಹಾರಿದವು. ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಎದ್ದು ನಿಲ್ಲು" ಅಂದ. ನಿಂತೆ. ಮೊದಲು ಎಲಚಿ ಉರುಳಿದವು. ಆಮೇಲೆ ಗಂಟು ಬಿಚ್ಚಿಕೊಂಡು ಹುಣಸೆಬೀಜ ಜಲಜಲ ಸುರಿಯಿತು. ಆಡುಗಳು ಓಡಿ ಬಂದವು. ಅಜ್ಜಿ ಅತ್ತೆಯ ಮುಖ ನೋಡಿದಳು, ಅತ್ತೆ ಅಜ್ಜಿಯ ಮುಖ. "ಥೂ ಕಳ್ಳಿ!" ಅಂತ ಇಬ್ಬರೂ ಒಟ್ಟಿಗೇ ಅಂದರು. ಜೀವನದಲ್ಲಿ ಅವರು ಒಪ್ಪಿದ್ದು ಅದೊಂದೇ ಮಾತು. ಅಪ್ಪ ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ನಗು ನಿಂತ ಮೇಲೆ, "ಈಗ ಬರೀ ಹುಡುಗಿ" ಅಂದ. ಮತ್ತೆ ಕೂತೆ. ಹಲಗೆ ಇಳಿಯಿತು, ಇಳಿಯಿತು, ಒಂದು ಗೇಣು ಮೇಲೆಯೇ ನಿಂತುಬಿಟ್ಟಿತು. ಅಪ್ಪ ತೂಗಾಡುತ್ತಿರುವ ಹಗ್ಗ ಹಿಡಿಯುವವನ ಹಾಗೆ ನನ್ನ ಪಕ್ಕಕ್ಕೆ ಬಂದು ನಿಂತ. ಹಲಗೆ ಮೆಲ್ಲಗೆ ಕೆಳಗೆ ಬಂತು. ಮುಳ್ಳು ನೆಟ್ಟಗೆ ನಿಂತಿತು. "ಸಮ. ಎಲ್ಲಿಗೂ ಕಳಿಸಲ್ಲ" ಅಂದ. ಹತ್ತಿಯ ಮೇಲೆ ನೊಣ ಕೂತರೂ ಅದನ್ನು ಓಡಿಸಿ ತೂಗುವ ಮನುಷ್ಯ. ಅವನ ಪಂಚೆಯ ಮರೆಯಲ್ಲಿ, ಬಲಗಾಲಿನ ಹೆಬ್ಬೆರಳು ಹಲಗೆಯ ಅಂಚನ್ನು ಅದುಮಿ ಹಿಡಿದದ್ದು ಕೆಳಗೆ ಕೂತ ನನಗೊಬ್ಬಳಿಗೇ ಕಂಡಿತು. ಅತ್ತ ಆ ಇಬ್ಬರೂ, "ನನ್ನ ಎಳ್ಳು!" "ನನ್ನ ಎಲಚಿ!" ಅಂತ ಶುರು ಮಾಡಿದ್ದರು.

ಈಗ ಆ ಹೊಲದಲ್ಲಿ ಗಾಳಿಯಂತ್ರಗಳು ತಿರುಗುತ್ತವೆ. ಮನೆ ಇದ್ದ ಜಾಗ ಇದೇ ಅಂತ ನನಗೇ ಗಟ್ಟಿಯಾಗಿ ಹೇಳಲು ಬರುವುದಿಲ್ಲ. ಅಜ್ಜಿ ಸಾಯುವಾಗ, "ನನ್ನ ಬೀಜದಿಂದ ಉಳಿದವಳು ನೀನು" ಅಂದಳು. ಹೌದು ಅಂದೆ. ಹತ್ತಾರು ವರ್ಷದ ಮೇಲೆ ಅತ್ತೆಯೂ ಹಾಗೇ, ತನ್ನ ಹಣ್ಣೇ ಗೆದ್ದದ್ದು ಅಂತ ಹೇಳಿಯೇ ಹೋದಳು. ಅವಳಿಗೂ ಹೌದು ಅಂದೆ. ಅಪ್ಪನಿಗೆ ಮಾತ್ರ ನಾನು ನೋಡಿದ್ದನ್ನು ಹೇಳಲೇ ಇಲ್ಲ, ಅವನೂ ಕೇಳಲಿಲ್ಲ. ಅವನು ಹೋದ ದಿನ, ಪದ್ಧತಿಯ ಪ್ರಕಾರ ಕಾಲಿನ ಎರಡು ಹೆಬ್ಬೆರಳು ಸೇರಿಸಿ ಕಟ್ಟಲು ಯಾರೋ ಬಟ್ಟೆಯ ಚೂರು ತಂದರು. ಬಲಗಾಲಿನದನ್ನು ನಾನು ಹಿಡಿದುಕೊಂಡೆ. "ಬಿಡಮ್ಮ, ಕಟ್ಬೇಕು" ಅಂದರು. ಸ್ವಲ್ಪ ಹೊತ್ತು ಬಿಡಲಿಲ್ಲ.